ವೀಳ್ಯವಾದ ಮೇಲೆ ಆಶಾರಾಣಿ ಬ್ಲೇಡು ಮುಟ್ಟಲಿಲ್ಲ

ನಮ್ಮ ಚಿಕ್ಕಮ್ಮ ಆಶಾರಾಣಿ ಒಬ್ಬರ ಮೇಲೆ ಸೇಡು ತೀರಿಸಿಕೊಂಡಾಳು ಎಂದು ವಿಜಯಪುರದಲ್ಲಿ ಯಾರೂ ಎಣಿಸಿರಲಿಲ್ಲ. ಅವಳು ಜಗಳವಾಡುವವಳಲ್ಲ. ಕೋಪ ಬಂದರೆ ಸುಮ್ಮನಾಗುವವಳು. ಸುಮ್ಮನಾದಳು ಎಂದರೆ ಕೋಪ ಇಳಿಯಿತು ಎಂದು ಮನೆಯವರು ತಿಳಿದುಕೊಂಡಿದ್ದರು. ಅನುಗೊಂಡನಹಳ್ಳಿಯವರೂ ಹಾಗೆಯೇ ತಿಳಿದುಕೊಂಡು ಮೋಸಹೋದರು.

ಅವಳು ನನ್ನ ಅಮ್ಮನ ತಂಗಿ. ತಾತ ಚಿಕ್ಕಬೀರಪ್ಪ ಮನೆಯ ಹಿಂದಿನ ಶೆಡ್ಡಿನಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಮಿಷನ್ನು ನಡೆಸುತ್ತಿದ್ದರು. ಅಜ್ಜಿ ಮುನಿವೆಂಕಟಮ್ಮ ಮನೆಯನ್ನೂ ನೋಡಿಕೊಂಡು ಶೆಡ್ಡಿನಲ್ಲೂ ದುಡಿಯುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳಲ್ಲಿ ಅಮ್ಮ ಬೇಗ ಮದುವೆಯಾಗಿ ಹೋದಳು. ಚಿಕ್ಕಮ್ಮ ಓದಿದಳು. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮಾಡಿ, ಆಮೇಲೆ ಎಂ.ಟೆಕ್. ಕೂಡ ಮಾಡಿದಳು. ಓದಿಸಿದ್ದು ತಾತನಾದರೂ ಅದರ ಹೆಸರು ಹೋದದ್ದು ತಾತನ ತಂಗಿ ರುಕ್ಮಿಣಮ್ಮನಿಗೆ. ಯಾಕೆಂದರೆ ಓದಲಿ ಎಂದು ಅಪ್ಪಣೆ ಕೊಟ್ಟವರು ಅವರು.

ರುಕ್ಮಿಣಮ್ಮ ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಗೆ ಮದುವೆಯಾಗಿ ಹೋದವರು. ಅವರಿಗೆ ಒಬ್ಬನೇ ಮಗ, ಹರಿಪ್ರಸಾದ್. ನಮ್ಮ ಕಡೆ ಅಣ್ಣನ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳುವುದು ತಂಗಿಯ ಹಕ್ಕು. ಚಿಕ್ಕಮ್ಮ ತೊಟ್ಟಿಲಲ್ಲಿದ್ದಾಗಲೇ ರುಕ್ಮಿಣಮ್ಮ ಬಗ್ಗಿ ನೋಡಿ, "ಇದು ನಮ್ಮನೆ ಸೊಸೆ, ಯಾರೂ ಕಣ್ಣು ಹಾಕ್ಬ್ಯಾಡಿ" ಅಂದಿದ್ದರಂತೆ. ಅಲ್ಲಿಂದ ಮುಂದೆ ಅವಳಿಗೆ ಕಿವಿ ಚುಚ್ಚಿಸುವುದಕ್ಕೂ ಕಾಲೇಜು ಸೇರಿಸುವುದಕ್ಕೂ ಅವರನ್ನು ಒಂದು ಮಾತು ಕೇಳಬೇಕಾಗಿತ್ತು. ಹರಿಯೂ ಎಲೆಕ್ಟ್ರಾನಿಕ್ಸನ್ನೇ ಓದಿದ್ದ. ಮಾತುಗಾರ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರೂ ಇಳಿಯುವಾಗ ಅವನಿಗೆ ಕೈಕೊಟ್ಟು ಇಳಿಯುತ್ತಿದ್ದರು. ಚಿಕ್ಕಮ್ಮನಿಗೂ ಅವನು ಬೇಡವಾಗಿರಲಿಲ್ಲ. ಇದನ್ನು ಅವಳೇ ನನಗೆ ಹೇಳಿದ್ದಾಳೆ, ಬರೆಯಬಹುದು ಎಂದೂ ಹೇಳಿದ್ದಾಳೆ.

ನಮ್ಮೂರ ಹತ್ತಿರ ವಿಮಾನ ನಿಲ್ದಾಣ ತೆರೆದ ವರ್ಷವೇ ಅವಳಿಗೆ ಪಿಲ್ಲಗುಂಪೆಯಲ್ಲಿ ಕೆಲಸ ಸಿಕ್ಕಿತು. ಅಲ್ಲೊಂದು ಸಣ್ಣ ಕಾರ್ಖಾನೆ. ರೇಡಿಯೊ ಅಲೆಗಳನ್ನು ಅಳೆಯುವ ಪೆಟ್ಟಿಗೆಗಳನ್ನು ಮಾಡುತ್ತಿದ್ದರು. ಯಜಮಾನರು ಅಪ್ಪಯ್ಯಣ್ಣ ಎಂಬ ಹಿರಿಯರು. ಹರಿ ಅಲ್ಲಿ ಮೊದಲೇ ಸೇರಿದ್ದ. ಗಿರಾಕಿಗಳ ಜೊತೆ ಮಾತಾಡುವುದು, ಅವರಿಗೆ ಬೇಕಾದದ್ದನ್ನು ತಿಳಿದು ಬಂದು ಒಳಗೆ ಹೇಳುವುದು ಅವನ ಕೆಲಸ. ಚಿಕ್ಕಮ್ಮ ಸೂಲಿಬೆಲೆ ಮೇಲೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ದಿನವೂ ಹೋಗಿ ಬರುತ್ತಿದ್ದಳು.

ಆ ವರ್ಷಗಳಲ್ಲಿ ನಮ್ಮ ಆಕಾಶದ ತುಂಬ ವಿಮಾನಗಳ ಮಾತು ತುಂಬಿಕೊಂಡಿತು. ಆ ಮಾತಿನ ನಡುವೆ ಯಾರಾದರೂ ಅಪ್ಪಣೆಯಿಲ್ಲದೆ ರೇಡಿಯೊ ಹಚ್ಚಿದರೆ ಹಿಡಿಯಬಲ್ಲ ಪೆಟ್ಟಿಗೆಯೊಂದು ಬೇಕೆಂದು ಹೈದರಾಬಾದಿನ ಒಂದು ಕಂಪನಿ ಕೇಳಿತು. ಬಂದ ಅಲೆಯನ್ನು ನೇರವಾಗಿ ಅಂಕಿಗಳಾಗಿ ಮಾಡುವ ಭಾಗವೇ ಅದರ ಜೀವ. ಅದನ್ನು ಮಾಡಲು ಅಪ್ಪಯ್ಯಣ್ಣ ಚಿಕ್ಕಮ್ಮನಿಗೆ ಹೇಳಿದರು.

ಅದರ ಹೆಸರು ಡೆಲ್ಟಾ-ಸಿಗ್ಮಾ ಮಾಡ್ಯುಲೇಟರ್. ನಾನು ತಪ್ಪು ಬರೆಯಬಾರದೆಂದು ಚಿಕ್ಕಮ್ಮನನ್ನು ಮತ್ತೆ ಮತ್ತೆ ಕೇಳಿ ಬರೆಯುತ್ತಿದ್ದೇನೆ. ಸ್ನಾನಕ್ಕೆ ನೀರು ಬೆರೆಸುವುದನ್ನು ನೆನೆಸಿಕೊ ಎಂದಳು. ನಿನ್ನ ಹತ್ತಿರ ಕುದಿಯುವ ನೀರಿನ ಚೊಂಬಿದೆ, ತಣ್ಣೀರಿನ ಚೊಂಬಿದೆ, ಅಷ್ಟೇ. ಹದವಾದ ನೀರಿನ ಚೊಂಬಿಲ್ಲ. ಒಂದು ಚೊಂಬು ಸುರಿ, ಕೈಯಿಟ್ಟು ನೋಡು. ಹೆಚ್ಚು ಬಿಸಿಯಾದರೆ ಮುಂದಿನದು ತಣ್ಣೀರು. ತಣ್ಣಗಾದರೆ ಮುಂದಿನದು ಬಿಸಿನೀರು. ಒಂದೊಂದು ಚೊಂಬೂ ತಪ್ಪೇ, ಆದರೆ ಬಕೀಟಿನಲ್ಲಿ ನಿಂತ ನೀರು ಸರಿ. ಈ ಯಂತ್ರವೂ ಪ್ರತಿ ಸಲ "ಹೆಚ್ಚು" ಇಲ್ಲವೇ "ಕಡಿಮೆ" ಎಂದು ಎರಡೇ ಮಾತು ಹೇಳುತ್ತದೆ. ಬಹಳ ಬೇಗ ಬೇಗ ಹೇಳುತ್ತದೆ. ಹಿಂದಿನ ತಪ್ಪನ್ನು ನೆನಪಿಟ್ಟುಕೊಂಡು ಮುಂದಿನ ಮಾತು ಹೇಳುವುದರಿಂದ ಒಟ್ಟಿನಲ್ಲಿ ಸರಿಯಾಗುತ್ತದೆ. ತಪ್ಪುಗಳೆಲ್ಲ ಬೇಡದ ಕಡೆಗೆ ಸರಿದು, ಬೇಕಾದ ಕಡೆ ಸದ್ದಿಲ್ಲದ ಒಂದು ಕಣಿವೆ ಉಳಿಯುತ್ತದೆ. ಆ ಕಣಿವೆಯಲ್ಲೇ ವಿಮಾನದ ಮಾತು ಕೇಳಬೇಕು.

ತಪ್ಪನ್ನು ನೆನಪಿಟ್ಟುಕೊಳ್ಳುವ ಕೆಲಸಕ್ಕೆ ಎಲ್ಲರೂ ಸುರುಳಿ, ಕೆಪಾಸಿಟರ್ ಹಾಕುತ್ತಾರೆ. ಚಿಕ್ಕಮ್ಮ ಅವುಗಳ ಬದಲು ಬೋರ್ಡಿನ ಮೇಲೆ ಹಾವಿನಂತೆ ಸುತ್ತಿದ ಎರಡು ತಾಮ್ರದ ಗೆರೆಗಳನ್ನು ಹಾಕಿದಳು. ಬಾವಿಯಲ್ಲಿ ಕೂಗಿದರೆ ಕೂಗು ತಳ ಮುಟ್ಟಿ ತಿರುಗಿ ಬರುವ ಹಾಗೆ, ಅಲೆ ಗೆರೆಯ ತುದಿ ಮುಟ್ಟಿ ತಿರುಗಿ ಬರುತ್ತದೆ. ಬರಲು ತೆಗೆದುಕೊಳ್ಳುವ ಹೊತ್ತನ್ನು ಯಂತ್ರ ಹೆಚ್ಚು-ಕಡಿಮೆ ಹೇಳುವ ತಾಳಕ್ಕೆ ಹೊಂದಿಸಿದರೆ, ತಿರುಗಿ ಬಂದ ಕೂಗೇ ನೆನಪು. ಇಂಥ ಗೆರೆಯನ್ನು ಡಿಸ್ಟ್ರಿಬ್ಯೂಟೆಡ್ ರೆಸೊನೇಟರ್ ಎನ್ನುತ್ತಾರೆ. ಇದರಲ್ಲಿ ಒಂದು ಲಾಭವಿದೆ. ಗೆರೆಯ ಮೇಲೆ ಅಲೆ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುತ್ತದೆ. ತಾಳ ಸ್ವಲ್ಪ ನಡುಗಿ ಒಂದು ಚೂರು ಮುಂಚೆಯೋ ಆಮೇಲೋ ನೋಡಿದರೂ ಅದೇ ಮೆಟ್ಟಿಲು ಕಾಣುತ್ತದೆ. ಸುರುಳಿಯ ಯಂತ್ರದಲ್ಲಾದರೆ ಅಷ್ಟು ನಡುಕಕ್ಕೇ ಕಣಿವೆಯೆಲ್ಲ ಸದ್ದು ತುಂಬಿಕೊಳ್ಳುತ್ತದೆ.

ಲೆಕ್ಕದಲ್ಲಿ ಇದು ಸುಲಭ. ಕೈಯಲ್ಲಿ ಮಾಡುವುದು ಕಷ್ಟ. ಎರಡು ಬೋರ್ಡುಗಳು ಒಂದೇ ತರಹ ಇರುವುದಿಲ್ಲ. ಅದಕ್ಕೆ ಅವಳು ಗೆರೆಗಳನ್ನು ಬೇಕೆಂದೇ ಉದ್ದ ಬಿಟ್ಟು, ಬೋರ್ಡಿಗೆ ಜೀವ ಕೊಟ್ಟು, ಪರದೆಯ ಮೇಲೆ ಕಣಿವೆಯನ್ನು ನೋಡುತ್ತ, ಗೆರೆಯ ತುದಿಯನ್ನು ಸಣ್ಣ ಬ್ಲೇಡಿನಿಂದ ಹೆರೆಯುತ್ತಿದ್ದಳು. ಗೆರೆ ಗಿಡ್ಡವಾದಷ್ಟೂ ಕಣಿವೆ ಮುಂದಕ್ಕೆ ಜರುಗುತ್ತದೆ. ಎಡಗಡೆಯದನ್ನು ಕೂರಿಸಿ ಬಲಗಡೆಯದನ್ನು ಹೆರೆದರೆ ಎಡಗಡೆಯದು ಮತ್ತೆ ಸ್ವಲ್ಪ ಅಲುಗುತ್ತದೆ. ಹೆರೆದ ತಾಮ್ರ ತಿರುಗಿ ಬರುವುದಿಲ್ಲವಾದ್ದರಿಂದ ಉಸಿರು ಹಿಡಿದು ಮಾಡಬೇಕು. ಹೀಗೆ ಬೋರ್ಡು ಕೆಡಿಸಿ, ಮತ್ತೆ ಮಾಡಿಸಿ, ಮತ್ತೆ ಕೆಡಿಸಿ ಎರಡು ವರ್ಷದ ಮೇಲೆ ಹಿಡಿಯಿತು. ಕೊನೆಗೊಂದು ಮಧ್ಯಾಹ್ನ ಪರದೆಯ ಮೇಲೆ ಗೆರೆಗೊಂದರಂತೆ ಎರಡು ಕಣಿವೆಗಳು ಪಕ್ಕಪಕ್ಕ ನಿಂತವು. ಅವಳು ಊಟದ ಡಬ್ಬಿ ತೆರೆಯುವುದನ್ನೇ ಮರೆತು ಅದನ್ನು ಹಾಗೇ ಮನೆಗೆ ತಂದಿದ್ದಳು. ಅಜ್ಜಿ ಬೈದರು.

ಆಮೇಲೆ ಆದದ್ದು ಇದು. ಒಂದು ಬೆಳಗ್ಗೆ ಅವಳು ಕಾರ್ಖಾನೆಗೆ ಹೋದಾಗ ಎಲ್ಲರಿಗೂ ಮೈಸೂರು ಪಾಕು ಹಂಚುತ್ತಿದ್ದರು. ಯಾಕೆಂದು ಕೇಳದೆ ಇವಳೂ ತೆಗೆದುಕೊಂಡಳು. ಅರ್ಧ ತಿಂದಿದ್ದಾಗ ಅಪ್ಪಯ್ಯಣ್ಣ ಬಂದು, "ನಮ್ಮ ಹರಿ ಹೆಸರಲ್ಲಿ ಪೇಟೆಂಟಿಗೆ ಅರ್ಜಿ ಹೋಯ್ತಮ್ಮ, ಆ ಗೆರೆ ಬೋರ್ಡಿಗೆ. ಗೆರೆ ಹಾಕೋ ಯೋಚನೆ ಅವನದಂತೆ, ನೀನೂ ಚೆನ್ನಾಗಿ ಸಹಾಯ ಮಾಡಿದೀಯ ಅಂತ ಹೇಳ್ದ" ಎಂದರು.

ಕಂಡುಹಿಡಿದವರ ಹೆಸರಿನ ಜಾಗದಲ್ಲಿ ಹರಿಪ್ರಸಾದ್ ಎಂದಿತ್ತು. ಬೇರೆ ಹೆಸರಿರಲಿಲ್ಲ. ಹೈದರಾಬಾದಿನವರ ಮುಂದೆ ಅವನು ಬೋರ್ಡಿನ ವಿವರ ಓದಿ ಹೇಳಿದ್ದೂ ತಾನು ಮಾಡಿದ್ದೆಂದೇ.

ಮಧ್ಯಾಹ್ನ ಸ್ಕೂಟರ್ ನಿಲ್ಲಿಸುವ ಕಡೆ ಅವನನ್ನು ಹಿಡಿದಳು.

"ಭಾವ, ಅದು ನಾನು ಮಾಡಿದ್ದು."

"ಗೊತ್ತು ಕಣೇ, ನಾನೇನು ಇಲ್ಲ ಅಂದ್ನಾ?"

"ಮತ್ತೆ ನಿನ್ನ ಹೆಸರು ಯಾಕೆ?"

ಹರಿ ನಕ್ಕ. "ನಾಳೆ ನಮ್ಮನೆಗೆ ಬರೋಳು ನೀನು. ನಂದೇನು, ನಿಂದೇನು? ಗಿರಾಕಿಗಳ ಮುಂದೆ ಮಾತಾಡೋನು ನಾನು, ನನ್ನ ಹೆಸರಿದ್ರೆ ಒಂದು ತೂಕ. ಮನೇಲಿ ನಾನು ದೊಡ್ಡೋನಾದ್ರೆ ನಿಂಗೇ ತಾನೇ ಒಳ್ಳೇದು?"

"ಕೇಳಬಹುದಿತ್ತು."

"ನನ್ನ ಮಾವನ ಮಗಳ ಹತ್ರ ನಾನೇನು ಅರ್ಜಿ ಹಾಕ್ಕೊಂಡು ನಿಲ್ಬೇಕಾ? ಹೋಗೇ."

ಅವಳು ಅಪ್ಪಯ್ಯಣ್ಣನ ಹತ್ತಿರ ಹೋದಳು. ಅವರು ಕೆಟ್ಟವರಲ್ಲ. ಆದರೆ ಹರಿ ಆಗಲೇ ಅವರಿಗೆ ಸಂಬಂಧದ ವಿಷಯ ಹೇಳಿಟ್ಟಿದ್ದ. "ಮದುವೆ ಆಗೋರು ನೀವಿಬ್ರು. ಮನೆ ಮಾತು ಮನೇಲೇ ತೀರಿಸ್ಕೊಳ್ಳಿ ತಾಯಿ. ಕಾರ್ಖಾನೆಗೆ ತರಬೇಡಿ" ಅಂದುಬಿಟ್ಟರು. ಮನೆಯಲ್ಲಿ ಹೇಳಿದಳು. ತಾತ ತಲೆ ತಗ್ಗಿಸಿ ಕೂತರು. ವಿಷಯ ತಿಳಿದು ರುಕ್ಮಿಣಮ್ಮ ಮಾರನೇ ದಿನವೇ ವಿಜಯಪುರಕ್ಕೆ ಬಂದರು.

"ಗಂಡನ ಹೆಸರಾದ್ರೆ ಹೆಂಡ್ತಿ ಹೆಸರಾದಂಗೆ ಅಲ್ವೇನೇ? ನಿನ್ನ ಮಾವಯ್ಯ ಬೋರು ತೆಗೆಸಿದಾಗ ನೀರು ಬಂದಿದ್ದು ನಾನು ತೋರ್ಸಿದ್ ಜಾಗದಾಗೆ. ಊರೋರು ಯಾರ ಹೆಸರು ಹೇಳ್ತಾರೆ? ನಾನೇನು ಬಾಯಿ ಬಡ್ಕೊಂಡ್ನಾ?"

ಹೀಗೆ ಮೂರು ಬಾಗಿಲೂ ಮುಚ್ಚಿದವು. ಮೂರಕ್ಕೂ ಹಾಕಿದ್ದು ಒಂದೇ ಬೀಗ, ಅವಳು ಹರಿಗೆ ಕೊಡುವ ಹೆಣ್ಣು ಎನ್ನುವುದು. ಚಿಕ್ಕಮ್ಮ ಸುಮ್ಮನಾದಳು. ಬೇರೆ ಕೆಲಸ ಹುಡುಕಿಕೊಂಡು ಹೋಗಬಹುದಾಗಿತ್ತು. ಹೋದರೆ ಗೆರೆಗಳು ಹರಿಯ ಹೆಸರಿನಲ್ಲೇ ಉಳಿಯುತ್ತವೆ, ಅದಕ್ಕೆ ಹೋಗಲಿಲ್ಲ ಎಂದಳು. ಬಸ್ಸಿನಲ್ಲಿ ಕೂತು ಒಂದೇ ವಿಷಯ ಯೋಚಿಸುತ್ತಿದ್ದಳಂತೆ. ತನ್ನ ಹೆಸರು ಅಲ್ಲಿಗೆ ಬರಬೇಕು. ಅದೂ ಹರಿ ತನ್ನ ಬಾಯಿಯಿಂದಲೇ ಹೇಳಿ, ತನ್ನ ಹೆಸರನ್ನು ತನ್ನ ಕೈಯಿಂದಲೇ ಅಳಿಸಬೇಕು. ಅವನಿಗೆ ನೋವಾಗದೆ ಬಂದರೆ ತನಗೆ ಬೇಡ.

ದಾರಿ ತೋರಿಸಿದ್ದು ರುಕ್ಮಿಣಮ್ಮನೇ. ಆಷಾಢಕ್ಕೆ ಮುಂಚೆ ವೀಳ್ಯ ಬದಲಾಯಿಸಿಬಿಡೋಣ, ಶ್ರಾವಣದಲ್ಲಿ ಮದುವೆ ಎಂದು ಅವರು ಹೇಳಿಕಳಿಸಿದರು. ಎಲ್ಲರೂ ಹೆದರಿ ಚಿಕ್ಕಮ್ಮನ ಮುಖ ನೋಡಿದರು. ಅವಳು "ಆಗಲಿ" ಎಂದಳು. ಅಜ್ಜಿ ದೇವರಿಗೆ ಕೈಮುಗಿದರು.

ವೀಳ್ಯದ ದಿನ ಹಿರಿಯರೆಲ್ಲ ಚಾಪೆಯ ಮೇಲೆ ಕೂತಿದ್ದರು. ಅಪ್ಪಯ್ಯಣ್ಣನೂ ಬಂದಿದ್ದರು. ತಟ್ಟೆಯಲ್ಲಿ ಸೀರೆ, ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು ರುಕ್ಮಿಣಮ್ಮ ಅವಳ ಮಡಿಲಿಗೆ ಹಾಕಿದರು. ಆಗ ಚಿಕ್ಕಮ್ಮ ತಲೆ ತಗ್ಗಿಸಿಯೇ ಕೇಳಿದಳು:

"ಅತ್ತೆ, ನಿಮ್ಮ ಮನೆತನದ ಶಾಸ್ತ್ರ ಏನೇನಿದೆ ಎಲ್ಲರ ಮುಂದೆ ಹೇಳಿಬಿಡಿ. ನನ್ನಿಂದ ಯಾವುದೂ ತಪ್ಪಬಾರದು."

ರುಕ್ಮಿಣಮ್ಮನಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ. "ನೋಡ್ರಪ್ಪಾ, ಓದಿರೋ ಹುಡುಗಿ ಕೇಳೋ ಮಾತು! ಹೇಳ್ತೀನಿ ಕೇಳು. ವೀಳ್ಯ ಆದ್ಮ್ಯಾಲೆ ಧಾರೆ ಆಗೋವರ್ಗೂ ಹುಡುಗ ಇರೋ ಸೂರಿನ ಕೆಳ್ಗೆ ಹುಡುಗಿ ಕಾಲಿಡ್ಬಾರ್ದು. ಮುಖಾನೂ ನೋಡಂಗಿಲ್ಲ, ಮಾತೂ ಆಡಂಗಿಲ್ಲ. ನಾನು ನಮ್ಮೋರ ದನಿ ಕೇಳಿದ್ದು ಹಸೆಮಣೆ ಮ್ಯಾಲೇನೆ."

"ಫೋನಲ್ಲೂ ಇಲ್ವಾ ಅತ್ತೆ?"

"ಯಾವುದ್ರಾಗೂ ಇಲ್ಲ."

"ಸರಿ ಅತ್ತೆ" ಎಂದು ಚಿಕ್ಕಮ್ಮ ಎಲ್ಲರ ಕಾಲಿಗೂ ಬಿದ್ದಳು. ಹರಿ ಹೆಮ್ಮೆಯಿಂದ ಮೀಸೆ ಮುಟ್ಟಿಕೊಂಡ. ಹರಿ ಇರುವ ಸೂರು ಎಂದರೆ ಕಾರ್ಖಾನೆಯೂ ಹೌದು ಎನ್ನುವುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಹೈದರಾಬಾದಿಗೆ ಕಳಿಸಬೇಕಾದ ಬೋರ್ಡುಗಳು ತಯಾರಾಗಿ ಬಂದಾಗ. ಎಲ್ಲದರ ಗೆರೆಗಳೂ ಉದ್ದವಾಗಿದ್ದವು. ಹೆರೆಯುವ ಕೈ ವಿಜಯಪುರದಲ್ಲಿ ಕೂತು ನೂಲಿಗೆ ಹುರಿ ಹಾಕುತ್ತಿತ್ತು. ಬೇರೆಯವರು ಕಲಿಯಲಾರರೇ ಎಂದು ನಾನು ಕೇಳಿದೆ. ಕಲಿಯಬಹುದು, ಒಂದಷ್ಟು ತಿಂಗಳು ಬೇಕು, ಹರಿ ಗಿರಾಕಿಗಳಿಗೆ ಕೊಟ್ಟಿದ್ದ ಗಡುವು ಅಷ್ಟು ದೂರವಿರಲಿಲ್ಲ ಎಂದಳು. ಅಪ್ಪಯ್ಯಣ್ಣ ಹರಿಯನ್ನು ಕರೆದು, "ಕಂಡುಹಿಡಿದೋನು ನೀನೇ ಅಲ್ವೇನಯ್ಯ, ಕೂತ್ಕೊಂಡು ಮಾಡು" ಅಂದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಅವರು ನಿಜವಾಗಿ ನಂಬಿದ್ದರು.

ಹರಿ ಫೋನು ಮಾಡಿದ. ಅವಳು ಎತ್ತಲಿಲ್ಲ. ಒಂದು ಸಂಜೆ ಬೈಕಿನಲ್ಲಿ ಬಂದೇಬಿಟ್ಟ. ಅಜ್ಜಿ ಹೊಸಲಿನ ಮೇಲೆ ನಿಂತು ಅಡ್ಡ ಕೈ ಹಾಕಿದರು.

"ಒಳಗೆ ಬರಂಗಿಲ್ಲ ಕಣಪ್ಪಾ. ನಿಮ್ಮವ್ವನೇ ಹೇಳೈತೆ."

"ಅಯ್ಯೋ ಅತ್ತೆ, ಕೆಲಸದ ಮಾತು. ಒಂದೇ ಒಂದು ಕೇಳ್ಬೇಕು."

"ಮಾತೂ ಆಡಂಗಿಲ್ಲ. ನನ್ನ ಕೇಳು, ನಾನು ಅವಳ್ನ ಕೇಳ್ತೀನಿ."

ಹೀಗೆ ಹರಿ ಬೀದಿಯಲ್ಲಿ, ಚಿಕ್ಕಮ್ಮ ಅಡುಗೆಮನೆಯಲ್ಲಿ, ನಡುವೆ ಅಜ್ಜಿ.

"ಎಡಗಡೆ ಗೆರೆ ಎಷ್ಟು ಹೆರೀಬೇಕು ಅಂತ ಕೇಳಿ ಅತ್ತೆ."

ಅಜ್ಜಿ ಒಳಗೆ ತಿರುಗಿದರು. "ಎಡಗಡೆ ಗೆರೆ ಎಷ್ಟು ಹೆರೀಬೇಕಂತೆ ಕಣೇ?"

"ಕಣಿವೆ ಬೇಕಾದ ಕಡೆ ಬಂದು ಕೂರೋವರೆಗೆ ಅನ್ನಮ್ಮ."

"ಕಣಿವೆ ಬರೋಗಂಟ ಹೆರೀಬೇಕಂತಪ್ಪ. ಅದೆಲ್ಲಿ ಕಣಿವೆ? ನಂದಿಬೆಟ್ಟದ ತಾವಾ?"

"ಅವಳಿಗೆ ಗೊತ್ತಾಗತ್ತೆ ಬಿಡಿ ಅತ್ತೆ. ಯಾವ ಕಡೇದು ಮೊದಲು ಅಂತ ಕೇಳಿ."

"ಎಡ ಮೊದಲು, ಆಮೇಲೆ ಬಲ, ಆಮೇಲೆ ಮತ್ತೆ ಎಡ ಅನ್ನು."

"ಮೊದ್ಲು ಎಡಗಾಲು..." ಎಂದು ಅಜ್ಜಿ ಶುರು ಮಾಡಿದರು.

"ಗೆರೆ ಅಮ್ಮಾ, ಗೆರೆ!"

ಪಕ್ಕದ ಮನೆಯ ಸೊಣ್ಣಮ್ಮ ಗೋಡೆಯ ಮೇಲಿಂದ ಇಣುಕಿ, "ಏನ್ ಮುನಿವೆಂಕಟಕ್ಕಾ, ಅಳಿಯನಿಗೆ ಕುಣಿತ ಕಲಿಸ್ತಿದ್ದೀರಾ?" ಎಂದರು. ಹರಿಯ ಕಿವಿ ಕೆಂಪಾಯಿತು. ಕೊನೆಗೆ, "ಇನ್ನೇನಾದ್ರೂ ಇದ್ಯಾ ಕೇಳಿ ಅತ್ತೆ" ಎಂದ.

ಒಳಗೆ ಸಾರಿನ ಪಾತ್ರೆ ಒಲೆಯಿಂದ ಇಳಿಸಿದ ಸದ್ದಾಯಿತು. ಆಮೇಲೆ, "ಕೇಳಿದ್ದಕ್ಕೆಲ್ಲ ಹೇಳಿದೀನಿ ಅನ್ನಮ್ಮ" ಎಂದಳು ಚಿಕ್ಕಮ್ಮ.

ಈ ಸಂಜೆಯ ಬಗ್ಗೆ ಅಜ್ಜಿ, ಚಿಕ್ಕಮ್ಮ ಇಬ್ಬರೂ ಹೇಳುವುದು ಒಂದೇ ತರಹ, ಒಂದು ಕಡೆ ಮಾತ್ರ ಬೇರೆ. ಆ ಮಾತು ಹೇಳುವಾಗ ಅವಳು ನಕ್ಕಳು ಎಂದು ಅಜ್ಜಿ. ನಗಲಿಲ್ಲ ಎಂದು ಚಿಕ್ಕಮ್ಮ.

ಇನ್ನೊಂದು ವಿಷಯ ಇತ್ತು. ಬೋರ್ಡಿನ ಮೇಲೆ ಕೊನೆಗೆ ತಗಡಿನ ಮುಚ್ಚಳ ಕೂರುತ್ತದೆ. ಮುಚ್ಚಳ ಕೂತರೆ ಗೆರೆಯ ಮೇಲಿನ ಅಲೆ ಒಂದು ಚೂರು ಬೇಗ ಓಡುತ್ತದೆ, ಕಣಿವೆ ಮುಂದಕ್ಕೆ ಜರುಗುತ್ತದೆ. ಅದಕ್ಕೆ ಅವಳು ಯಾವಾಗಲೂ ಕಣಿವೆ ಬೇಕಾದ ಜಾಗಕ್ಕೆ ಬರುವ ಮುಂಚೆಯೇ ಬ್ಲೇಡು ಕೆಳಗಿಡುತ್ತಿದ್ದಳು. ಇದನ್ನು ಅವಳು ಮುಚ್ಚಿಟ್ಟಿರಲಿಲ್ಲ. ಹಿಂದೆ ಮೇಜಿನ ಹತ್ತಿರ ಕೂರಿಸಿಕೊಂಡು ಹರಿಗೆ ಹೇಳಿದ್ದಳು. ಅವನು ಮೊಬೈಲು ಒತ್ತುತ್ತ "ಹೂಂ, ಹೂಂ" ಎಂದಿದ್ದ. ಬೀದಿಯಲ್ಲಿ ನಿಂತಾಗ ಅವನಿಗೆ ಅದು ನೆನಪಿರಲಿಲ್ಲ. ಅವಳು ನೆನಪಿಸಲಿಲ್ಲ.

ಹರಿ ಕಾರ್ಖಾನೆಗೆ ಹೋಗಿ ಹೇಳಿದಂತೆಯೇ ಹೆರೆದ. ಕಣಿವೆಗಳು ಹೇಳಿದ ಕಡೆ ಬಂದು ಕೂತವು. ಮೊದಲನೆಯದು ಸರಿಯಾದ ಖುಷಿಯಲ್ಲಿ ಅದಕ್ಕೆ ಮುಚ್ಚಳ ಹಾಕಿ ನೋಡಬೇಕು ಎಂದು ಅವನಿಗೆ ಅನಿಸಲಿಲ್ಲ. ಎಲ್ಲ ಬೋರ್ಡುಗಳನ್ನೂ ಹೆರೆದು ಮುಗಿಸಿದ. ಅಪ್ಪಯ್ಯಣ್ಣ ಬಂದು ಬೆನ್ನು ತಟ್ಟಿದರು. ಹೈದರಾಬಾದಿನಿಂದ ಗಿರಾಕಿಗಳು ಬಂದು ಕೂತರು. ಅವರ ಮುಂದೆಯೇ ಮುಚ್ಚಳ ಹಾಕಿ ತಿರುಪು ಬಿಗಿದರು. ಕಣಿವೆಗಳು ಜಾಗ ಬಿಟ್ಟು ಮುಂದಕ್ಕೆ ಹೋದವು. ವಿಮಾನದ ಮಾತು ಬರಬೇಕಾದ ಕಡೆ ಹೊಟ್ಟು ಜರಡಿಯಾಡಿದಂಥ ಸದ್ದು. ಇನ್ನೊಂದು ಬೋರ್ಡು ತಂದರು, ಅದೂ ಹಾಗೆಯೇ. ಮತ್ತೊಂದು, ಅದೂ. ಯಾಕೆ ಹೀಗೆ ಎಂದು ಗಿರಾಕಿಗಳಲ್ಲಿ ಒಬ್ಬ ಕೇಳಿದ. ಯಾರ ಜೊತೆ ಬೇಕಾದರೂ ಮಾತಾಡಬಲ್ಲ ಹರಿ ತಿರುಪುಗಳನ್ನು ಬಿಚ್ಚಿ ಮತ್ತೆ ಬಿಗಿಯತೊಡಗಿದ. ಗಿರಾಕಿಗಳು ಶ್ರಾವಣದವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೋದರು.

ಮಾರನೇ ಬೆಳಗ್ಗೆ ಅಪ್ಪಯ್ಯಣ್ಣನ ಕಾರು ತಾತನ ಮನೆಯ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿ ಹರಿ. ಮೊದಲು ಅನುಗೊಂಡನಹಳ್ಳಿಗೆ ಹೋಗಿ ರುಕ್ಮಿಣಮ್ಮನನ್ನೂ ಹತ್ತಿಸಿಕೊಂಡು ಬಂದಿದ್ದರು.

"ಆಶಾ, ಈಚೆ ಬಾರೇ" ಎಂದು ರುಕ್ಮಿಣಮ್ಮ ಜಗುಲಿಯಿಂದ ಕೂಗಿದರು.

"ಹೆಂಗೆ ಬರಲಿ ಅತ್ತೆ? ಭಾವ ಇದ್ದಾರೆ."

"ಶಾಸ್ತ್ರ ಇರ್ಲಿ ಬಿಡೇ, ಯಜಮಾನ್ರು ಬಂದವ್ರೆ!"

"ಹಿರಿಯರ ಮುಂದೆ ಒಪ್ಪಿಕೊಂಡಿದ್ದು. ನೀವೇ ಬೇಡ ಅಂತ ಜೋರಾಗಿ ಹೇಳಿ, ಬರ್ತೀನಿ."

ರುಕ್ಮಿಣಮ್ಮ ಹಲ್ಲು ಕಚ್ಚಿಕೊಂಡು, "ಶಾಸ್ತ್ರ ಬ್ಯಾಡ, ಬಾ" ಎಂದರು. ಪಕ್ಕದ ಗೋಡೆಯ ಮೇಲೆ ಸೊಣ್ಣಮ್ಮನ ತಲೆ ಕಾಣಿಸಿತು.

ಚಿಕ್ಕಮ್ಮ ಹೊರಗೆ ಬಂದು ಕಂಬಕ್ಕೆ ಒರಗಿ ನಿಂತಳು. ಅಪ್ಪಯ್ಯಣ್ಣ ಮಾತು ಶುರುಮಾಡುವ ಮುಂಚೆಯೇ ಹರಿಯ ಕಡೆ ತಿರುಗಿದಳು. ಆವರೆಗೆ ಭಾವ ಎನ್ನುತ್ತಿದ್ದವಳು ಈಗ ಹೆಸರು ಹಿಡಿದಳು.

"ಹರಿಪ್ರಸಾದ್ ಅವರೇ, ಆ ಬೋರ್ಡು ಮಾಡಿದ್ದು ಯಾರು?"

"ಇಬ್ರೂ ಸೇರ್ಕೊಂಡು..."

ಅವಳು ತಿರುಗಿ ಒಳಗೆ ಹೊರಟಳು. "ನಿಂತ್ಕೋ!" ಎಂದ ಹರಿ. "ನೀನೇ. ನೀನೇ ಮಾಡಿದ್ದು."

"ಯಜಮಾನರಿಗೆ ವಯಸ್ಸಾಗಿದೆ. ಅವರಿಗೆ ಕೇಳಿಸಲಿಲ್ಲವೇನೋ."

ಅಪ್ಪಯ್ಯಣ್ಣನಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಅವರು ಹರಿಯ ಕಡೆ ನೋಡಿ, "ಗಟ್ಟಿಯಾಗಿ ಹೇಳಯ್ಯಾ" ಎಂದರು. ಅವನು ಬೀದಿಗೆ ಕೇಳುವ ಹಾಗೆ ಹೇಳಿದ. ಎಲ್ಲ ಆಶಾರಾಣಿ ಮಾಡಿದ್ದು, ನಾನು ಬರೀ ಗಿರಾಕಿಗಳ ಮುಂದೆ ಓದಿದ್ದು ಎಂದ. ಹೇಳಿ ಮುಗಿಸುವಷ್ಟರಲ್ಲಿ ಅವನ ಕಣ್ಣಲ್ಲಿ ನೀರಿತ್ತು. ಚಿಕ್ಕಮ್ಮ ಆ ನೀರನ್ನು ಬೇರೆ ಕಡೆ ತಿರುಗದೆ ನೋಡಿದಳು.

"ಆಯ್ತಮ್ಮ" ಎಂದರು ಅಪ್ಪಯ್ಯಣ್ಣ. "ಅರ್ಜಿ ತಿದ್ದಿಸೋಣ. ಇಬ್ಬರ ಹೆಸರೂ ಇರ್ಲಿ."

"ಬೇಡ ಸಾರ್. ಅವರದು ತೆಗೀರಿ, ನನ್ನದು ಹಾಕಿ. ಹಾಗಂತ ಅವರೇ ಬರೆದು ಕೊಡಲಿ. ಈಗಲೇ."

ಕಾರಿನಿಂದ ಕಾಗದ ತರಿಸಿ ಜಗುಲಿಯ ಮೇಲೆ ಕೂತು ಹರಿ ಬರೆದುಕೊಟ್ಟ. ಅಪ್ಪಯ್ಯಣ್ಣ ಅದನ್ನು ಜೇಬಿಗಿಟ್ಟುಕೊಂಡು, ಮನೆ ಮಾತು ಎಂದು ತಾವು ಅವಳನ್ನು ಕಳಿಸಿದ್ದು ತಪ್ಪಾಯಿತು ಎಂದರು. ಅವರ ಮೇಲೆ ಅವಳಿಗೆ ಅಷ್ಟು ಕೋಪವಿರಲಿಲ್ಲ.

ರುಕ್ಮಿಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಸರಿ ಹೋಯ್ತಲ್ಲ. ಗಂಡನ ಮಾನ ಬೀದೀಲಿ ತೆಗೆದೆ, ನಿನ್ನ ಹಟ ಗೆಲ್ತು. ಇನ್ನು ಮುಹೂರ್ತದ ಮಾತಾಡಾನ."

ಚಿಕ್ಕಮ್ಮ ಒಳಗೆ ಹೋಗಿ ವೀಳ್ಯದ ತಟ್ಟೆ ತಂದಳು. ಸೀರೆಯ ಮಡಿಕೆ ಬಿಚ್ಚಿರಲಿಲ್ಲ. ತೆಂಗಿನಕಾಯಿ ಹಾಗೇ ಇತ್ತು. ಎಲೆಗಳು ಮಾತ್ರ ಒಣಗಿದ್ದರಿಂದ ಹೊಸ ಎಲೆ ಇಟ್ಟಿದ್ದಳು. ಅದನ್ನು ರುಕ್ಮಿಣಮ್ಮನ ಮಡಿಲಿಗೆ ಇಟ್ಟಳು.

"ಏನೇ ಇದು?"

"ನನ್ನದು ನನಗೆ ಬಂತು ಅತ್ತೆ. ನಿಮ್ಮದು ನಿಮಗೆ."

ಅಜ್ಜಿ "ಅಯ್ಯೋ ಬ್ಯಾಡ ಕಣೇ" ಎಂದು ಅವಳ ಕೈ ಹಿಡಿದರು. ರುಕ್ಮಿಣಮ್ಮ ಅಣ್ಣನ ಮುಖ ನೋಡಿದರು. "ನಿನ್ನ ಮಗಳು ತಟ್ಟೆ ವಾಪಸ್ ಕೊಡ್ತಾವ್ಳೆ ಅಣ್ಣಾ. ಬಾಯಿ ಬಿಡು." ತಾತ ಎದ್ದು ಶೆಡ್ಡಿಗೆ ಹೋದರು. ಅಲ್ಲಿ ಮಿಷನ್ನು ಶುರುವಾದ ಸದ್ದು ಕೇಳಿಸಿತು. ಅದೇ ಅವರ ಉತ್ತರ ಎಂದು ಎಲ್ಲರೂ ತಿಳಿದುಕೊಂಡರು. ರುಕ್ಮಿಣಮ್ಮ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಕಾರು ಹತ್ತಿದರು. ಆವತ್ತಿನಿಂದ ಅವರು ಈ ಮನೆಗೆ ಬಂದಿಲ್ಲ. ಗೌರಿ ಹಬ್ಬಕ್ಕೆ ತಾತ ಬಾಗಿನ ತೆಗೆದುಕೊಂಡು ಹೋದರೆ ಬಾಗಿಲು ತೆರೆಯಲಿಲ್ಲ. ತಾತ ಅದನ್ನು ಹಾಗೇ ತಂದು ದೇವರ ಮುಂದಿಟ್ಟರು. ಚಿಕ್ಕಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎನ್ನುತ್ತಾಳೆ ಅವಳು.

ಅವಳು ಮತ್ತೆ ಪಿಲ್ಲಗುಂಪೆಗೆ ಹೋದಾಗ ಬೋರ್ಡುಗಳು ಮೇಜಿನ ಮೇಲೆ ಸಾಲಾಗಿದ್ದವು. ಎಲ್ಲ ಗೆರೆಗಳೂ ಗಿಡ್ಡ. ಹೊಸ ಬೋರ್ಡು ಮಾಡಿಸಲು ಹೊತ್ತಿರಲಿಲ್ಲ. ಉಳಿದ ದಾರಿ ಒಂದೇ. ತೆಳ್ಳನೆಯ ತಾಮ್ರದ ಹಾಳೆಯಿಂದ ಸಣ್ಣ ಚೂರು ಕತ್ತರಿಸಿ, ಗೆರೆಯ ತುದಿಗೆ ಬೆಸುಗೆ ಹಾಕಿ ಉದ್ದ ಮಾಡಬೇಕು. ಅಕ್ಕಿಕಾಳಿಗಿಂತ ಸಣ್ಣ ಚೂರು. ಬೆಸುಗೆ ಹಾಕಲು ಒಬ್ಬರು ಬೇಕು ಎಂದು ಅಪ್ಪಯ್ಯಣ್ಣನನ್ನು ಕೇಳಿದಳು. ಯಾರು ಬೇಕು ಎಂದರು. ಹರಿಪ್ರಸಾದ್ ಸಾಕು ಎಂದಳು.

ಅವನು ಬಿಟ್ಟು ಹೋಗಬಹುದಾಗಿತ್ತು. ಆದರೆ ಗಿರಾಕಿಗಳಿಗೆ ಮಾತು ಕೊಟ್ಟವನು ಅವನು. ಈ ಕೆಲಸ ಮುಗಿಸದೆ ಹೋದರೆ ಮುಂದೆ ಎಲ್ಲಿಯೂ ಒಳ್ಳೆ ಮಾತು ಹೇಳುವುದಿಲ್ಲ ಎಂದು ಅಪ್ಪಯ್ಯಣ್ಣ ಅಂದಿದ್ದರು. ಹಾಗಾಗಿ ಆಷಾಢ ಮುಗಿಯುವವರೆಗೂ ಅವನು ಅವಳ ಎಡಗಡೆಯ ಸ್ಟೂಲಿನ ಮೇಲೆ ಕೂತು, ಕನ್ನಡಕದ ಗಾಜಿಗೆ ಹೊಗೆ ಬಡಿಸಿಕೊಂಡು ಬೆಸುಗೆ ಹಾಕಿದ. ಅವಳು ಚೂರು ಕತ್ತರಿಸಿ ಕೊಡುತ್ತಿ​ದ್ದಳು. ಅವನು ಹಚ್ಚಿದ ಮೇಲೆ ಮುಚ್ಚಳ ಇಟ್ಟು ಪರದೆ ನೋಡಿ "ಸಾಲದು" ಎನ್ನುತ್ತಿದ್ದಳು. ಅವನು ಬೆಸುಗೆ ಕರಗಿಸಿ, ಚೂರು ಕಿತ್ತು, ಇನ್ನೊಂದು ಹಚ್ಚುತ್ತಿದ್ದ. ಮತ್ತೆ "ಸಾಲದು."

"ಎಷ್ಟು ಸಲ ಆಶಾ?" ಎಂದು ಒಮ್ಮೆ ಕೇಳಿದನಂತೆ.

"ಸರಿ ಹೋಗೋವರೆಗೆ."

ಬೋರ್ಡುಗಳು ಹೈದರಾಬಾದಿಗೆ ಹೋದವು, ಕೆಲಸ ಮಾಡಿದವು. ಅರ್ಜಿಯಲ್ಲಿ ಈಗ ಅವಳ ಹೆಸರಿದೆ. ಹರಿ ಬೇರೆ ಕಡೆ ಸೇರಿದ. ಮದುವೆಯೂ ಆಯಿತು, ನಮ್ಮನ್ನು ಕರೆಯಲಿಲ್ಲ. ಚಿಕ್ಕಮ್ಮ ಈಗಲೂ ಅದೇ ಬಸ್ಸಿನಲ್ಲಿ ಹೋಗಿ ಬರುತ್ತಾಳೆ.

ಇದನ್ನು ಬರೆಯುವಾಗ ನನಗೊಂದು ಅನುಮಾನ ಬಂತು. ಚೂರನ್ನು ಬೇಕಾದ್ದಕ್ಕಿಂತ ಉದ್ದವಾಗಿ ಕತ್ತರಿಸಿ ಒಂದೇ ಸಲ ಬೆಸುಗೆ ಹಾಕಿಸಿ, ಆಮೇಲೆ ಬ್ಲೇಡಿನಿಂದ ಹೆರೆದಿದ್ದರೆ ಆಗುತ್ತಿರಲಿಲ್ಲವೇ ಎಂದು ಕೇಳಿದೆ. ಅವಳು ಹೂವು ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ಆಗ್ತಿತ್ತು" ಎಂದಳು.

"ಮತ್ತೆ ಗಿಡ್ಡ ಚೂರು ಯಾಕೆ ಕೊಟ್ಟೆ?"

"ಬೇಕಂತಲೇ ಕೊಟ್ಟೆ. ಹಾಗೇ ಬರಿ."